ಬೋಟಿನ ಪಕ್ಕದಿಂದ ಬೀಳುವ ನೀರು

ನಮ್ಮ ಬೋಟಿನಲ್ಲಿ ನನ್ನ ಅಪ್ಪ, ಅಂದರೆ ಅಪ್ಪಚ್ಚನ್, ಮುಂದೆ ನಿಂತು ಚುಕ್ಕಾಣಿ ಹಿಡಿಯುತ್ತಾರೆ. ನನ್ನ ಗಂಡ ಸ್ಕರಿಯ ನಡುವಿನ ಗುಂಡಿಯಲ್ಲಿ ಕೂತು ಎಂಜಿನ್ ನೋಡಿಕೊಳ್ಳುತ್ತಾನೆ. ನಾನು ಇಬ್ಬರ ಮಧ್ಯೆ ಓಡಾಡುತ್ತ ಟಿಕೆಟ್ ಹರಿಯುತ್ತೇನೆ. ಮುಂದಿರುವವರಿಗೆ ಎಂಜಿನ್ ಕಾಣುವುದಿಲ್ಲ, ಗುಂಡಿಯಲ್ಲಿರುವವನಿಗೆ ದಾರಿ ಕಾಣುವುದಿಲ್ಲ. ಅದಕ್ಕೇ ಒಂದು ಉದ್ದನೆಯ ಹಗ್ಗ, ಹಗ್ಗದ ತುದಿಗೆ ಸ್ಕರಿಯನ ತಲೆಯ ಮೇಲೆ ಒಂದು ಗಂಟೆ. ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ಮುಂದಕ್ಕೆ, ಮೂರು ಸಲ ಬಡಿದರೆ ಹಿಂದಕ್ಕೆ. ಕೈನಕರಿಯ ಕಾಲುವೆಗಳಲ್ಲಿ ಓಡುವ ಹಳೆಯ ಬೋಟುಗಳೆಲ್ಲ ಹೀಗೇ.

ಕ್ರಿಸ್‌ಮಸ್ ಕಳೆದ ಮೇಲೆ ನಮ್ಮ ಮನೆಯಲ್ಲಿ ಮಾವ ಅಳಿಯನ ನಡುವೆ ಉಳಿದ ಮಾತುಕತೆ ಎಂದರೆ ಆ ಗಂಟೆ ಒಂದೇ. ಬಡಿಯುವವರು ಅವರು, ಕೇಳಿಸಿಕೊಳ್ಳುವವನು ಇವನು. ಉಳಿದದ್ದೆಲ್ಲ ನನ್ನ ಮೂಲಕ.

ಜಗಳ ಹುಟ್ಟಿದ್ದು ನೀರಿನಿಂದ. ಎಂಜಿನ್ ಎಂದ ಮೇಲೆ ಬಿಸಿಯಾಗುತ್ತದೆ, ತಣ್ಣಗಾಗಲು ನೀರು ಬೇಕು. ನಮ್ಮ ಹಳೆಯ ಎಂಜಿನ್ ಬೋಟಿನ ತಳದ ತೂತಿನಿಂದ ಕಾಲುವೆಯ ನೀರನ್ನೇ ಕುಡಿದು, ಮೈಯೆಲ್ಲ ಸುತ್ತಿಸಿಕೊಂಡು, ಬಲಪಕ್ಕದ ಕೊಳವೆಯಿಂದ ಹೊರಗೆ ಉಗುಳುತ್ತಿತ್ತು. ಆ ಕೊಳವೆಯಿಂದ ಬೆಚ್ಚಗಿನ ನೀರು ಸುರಿಯುತ್ತಿದ್ದರೆ ಬೋಟು ಕ್ಷೇಮ. ನಿಂತರೆ ತಳದ ತೂತಿಗೆ ಪೋಳ ಸಿಕ್ಕಿಕೊಂಡಿದೆ ಎಂದರ್ಥ. ಪೋಳ ಎಂದರೆ ನೀರಿನ ಮೇಲೆ ಹಾಸಿಕೊಂಡು ನೇರಳೆ ಹೂ ಬಿಡುವ ಆ ದರಿದ್ರ ಕಳೆ. ಹೊರಗಿನಿಂದ ಬಂದವರು ಅದರ ಫೋಟೋ ತೆಗೆಯುತ್ತಾರೆ, ನಾವು ಅದಕ್ಕೆ ಶಾಪ ಹಾಕುತ್ತೇವೆ.

ನೀರು ನಿಂತದ್ದು ಮುಂದೆ ನಿಂತವರಿಗೂ ಕಾಣುವುದಿಲ್ಲ, ಗುಂಡಿಯಲ್ಲಿ ಕೂತವನಿಗೂ ಕಾಣುವುದಿಲ್ಲ. ಬಗ್ಗಿ ನೋಡಲು ನನಗೆ ಪುರುಸೊತ್ತಿಲ್ಲ. ಕಾಣುವುದು ದಡದವರಿಗೆ. ಪಾತ್ರೆ ತೊಳೆಯುವವರಿರಲಿ, ಬಾತುಕೋಳಿ ಅಟ್ಟುವವರಿರಲಿ, ಬೋಟು ಹಾದುಹೋಗುವಾಗ ಒಮ್ಮೆ ಅದರ ಬಲಪಕ್ಕ ನೋಡುವುದು ನಮ್ಮ ಜನರ ಅಭ್ಯಾಸ. ನೀರು ಕಾಣದಿದ್ದರೆ “ನೀರಿಲ್ಲ! ನೀರಿಲ್ಲ!” ಎಂದು ಕೂಗುತ್ತಾರೆ. ಅಪ್ಪಚ್ಚನ್ ಒಂದು ಸಲ ಗಂಟೆ ಬಡಿಯುತ್ತಾರೆ. ಸ್ಕರಿಯ ಎಂಜಿನ್ ನಿಲ್ಲಿಸಿ, ನೀರಿಗೆ ಧುಮುಕಿ, ಬೋಟಿನ ಅಡಿಗೆ ಹೋಗಿ, ಪೋಳದ ಬೇರು ಕಿತ್ತುಕೊಂಡು ಮೇಲೆ ಬರುತ್ತಾನೆ. ಎಷ್ಟೋ ವರ್ಷ ಹೀಗೇ ನಡೆದಿತ್ತು.

ಆದರೆ ನಡು ಕಾಯಲಿನಲ್ಲಿ, ಕಾಲುವೆಗಳೆಲ್ಲ ಹೋಗಿ ಸೇರುವ ಆ ಹಿನ್ನೀರ ಸರೋವರದಲ್ಲಿ, ದಡವೂ ಇಲ್ಲ, ಕೂಗುವವರೂ ಇಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಒಂದು ದಿನ ಆ ದೊಡ್ಡ ನೀರಿನ ಮಧ್ಯದಲ್ಲೇ ಎಂಜಿನ್ ಸುಟ್ಟುಹೋಯಿತು. ಕಾವು ತೋರಿಸುವ ಮುಳ್ಳು ಯಾವ ಕಾಲದಿಂದಲೋ ಒಂದೇ ಕಡೆ ಮಲಗಿತ್ತು, ಅದನ್ನು ಯಾರೂ ಎಬ್ಬಿಸಿರಲಿಲ್ಲ. ಹೊಯಿಗೆ ಸಾಗಿಸುವ ದೋಣಿಯೊಂದು ನಮ್ಮನ್ನು ಎಳೆದು ತಂದಿತು. ಪ್ರಯಾಣಿಕರು ದಾರಿಯುದ್ದಕ್ಕೂ ನಮ್ಮನ್ನು ಆಡಿಕೊಂಡರು.

ಹೊಸ ಎಂಜಿನ್ ತಂದೆವು. ಅದನ್ನು ತಣ್ಣಗಿಡುವುದು ಹೇಗೆ ಎಂದು ಕೇಳಲು ಮೂವರೂ ಕುರುವಿಳ ಆಶಾನ್ ಅವರ ಶೆಡ್ಡಿಗೆ ಹೋದೆವು. ಈ ಕಡೆಯ ಬೋಟುಗಳ ಎಂಜಿನ್ನೆಲ್ಲ ಅವರ ಕೈಯಲ್ಲೇ ಹಾದುಹೋಗಬೇಕು.

“ಮೂರು ದಾರಿ ಇದೆ ರಾಹೇಲೇ,” ಎಂದರು ಆಶಾನ್, ಕೈಯ ಎಣ್ಣೆಯನ್ನು ಲುಂಗಿಗೆ ಒರೆಸುತ್ತ. “ಒಂದು, ನಿಮ್ಮ ಹಳೇದು. ಕಾಲುವೆ ನೀರು ಕುಡಿಯೋದು, ಉಗುಳೋದು. ಎರಡು, ಬೋಟಿನ ಹೊಟ್ಟೆ ಕೆಳಗೆ ತಾಮ್ರದ ಕೊಳವೆ ಹಾಯಿಸೋದು. ಒಳಗೆ ಒಳ್ಳೆ ನೀರು ತುಂಬ್ಸಿ ಬಿಟ್ರೆ ಅದೇ ನೀರು ಆ ಕೊಳವೇಲಿ ಸುತ್ತಿ ಸುತ್ತಿ ತಣ್ಣಗಾಗತ್ತೆ. ಕಾಲುವೆ ನೀರು ಒಳಗೆ ಬರೋದೇ ಇಲ್ಲ. ಪೋಳಕ್ಕೂ ನಿಮಗೂ ಸಂಬಂಧ ಮುಗೀತು. ಮೂರನೇದು ಪೆಟ್ಟಿಗೆ. ಅದರಲ್ಲಿ ಸಣ್ಣ ಸಣ್ಣ ಕೊಳವೆ ಇರತ್ತೆ. ಕೊಳವೆ ಒಳಗೆ ಕಾಲುವೆ ನೀರು, ಹೊರಗೆ ಒಳ್ಳೆ ನೀರು. ಒಂದಕ್ಕೊಂದು ಮುಟ್ಟಲ್ಲ, ಕಾವು ಮಾತ್ರ ದಾಟತ್ತೆ.”

“ಆ ಮೂರನೇದು ಯಾರಿಗೆ ಬೇಕು?” ಎಂದರು ಅಪ್ಪಚ್ಚನ್ ಮತ್ತು ಸ್ಕರಿಯ ಒಟ್ಟಿಗೇ. ಅವತ್ತು ಅವರಿಬ್ಬರೂ ಒಪ್ಪಿದ್ದು ಅದೊಂದು ಮಾತನ್ನೇ.

“ಹಳೇದೇ ಇರ್ಲಿ,” ಎಂದರು ಅಪ್ಪಚ್ಚನ್. “ನೀರು ಬೀಳೋದು ಕಾಣದಿರೋ ಬೋಟನ್ನ ನಾನು ಹಿಡಿಯಲ್ಲ. ಅದು ಬದುಕಿದ್ಯೋ ಸತ್ತಿದ್ಯೋ ಯಾರಿಗೆ ಗೊತ್ತಾಗ್ಬೇಕು?”

“ಹೊಸ ಮುಳ್ಳು ಹಾಕಿಸ್ತೀವಲ್ಲ ಅಪ್ಪಚ್ಚಾ, ಅದು ಹೇಳತ್ತೆ,” ಎಂದ ಸ್ಕರಿಯ.

“ಮುಳ್ಳಿಗೆ ಬಾಯಿದ್ಯಾ? ದಡದಲ್ಲಿ ಸಾವಿರ ಕಣ್ಣಿದೆ. ಅವು ಮೋಸ ಮಾಡಲ್ಲ.”

“ಸಾವಿರ ಕಣ್ಣು ಕೂಗಿದ್ಮೇಲೆ ನೀರಿಗೆ ಧುಮುಕೋದು ನೀವಲ್ಲ, ನಾನು,” ಎಂದ ಸ್ಕರಿಯ. “ಚಳೀಲಿ ಬೋಟಿನ ಅಡಿಗೆ ಹೋಗಿ ಆ ಕೊಳಕು ಬೇರು ಕೀಳೋನು ನಾನು. ಮೊನ್ನೆ ಕಿವೀಗೆ ನೀರು ಹೋಗಿ ಮೂರು ದಿನ ಮಲಗಿದ್ದೂ ನಾನು.”

“ಮತ್ತೆ? ನಿನ್ನನ್ನ ಬೋಟಿಗೆ ಹತ್ತಿಸ್ಕೊಂಡಿದ್ದೇ ಅದಕ್ಕಲ್ವೇನೋ?”

ಶೆಡ್ಡಿನಲ್ಲಿದ್ದ ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. ಅಪ್ಪಚ್ಚನ್ ಕೂಡ ನಗುವುದಕ್ಕೇ ಹೇಳಿದ್ದು. ಆದರೆ ಸ್ಕರಿಯ ನಮ್ಮ ಮನೆಯಲ್ಲೇ ಇರುವ ಮನೆಅಳಿಯ. ಅವನಿಗೆ ಆ ಮಾತು ಎಲ್ಲಿ ನಾಟಿತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವನು ನಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವತ್ತಿನಿಂದ ಮಾತು ನಿಂತಿತು.

ಸಂಜೆ ಮೀನಿನ ಸಾರಿಗೆ ಹುಳಿಗೆಂದು ಕೊಡಂಪುಳಿ ಹಾಕುತ್ತಿದ್ದಾಗ ಸ್ಕರಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. “ಪುನ್ನಮಡದಲ್ಲಿ ಹೌಸ್‌ಬೋಟಿನವರು ಕರೀತಿದ್ದಾರೆ. ಈಸ್ಟರ್ ತನಕ ನೋಡ್ತೀನಿ ರಾಹೇಲೇ. ಆಮೇಲೆ ನಾನು ಅಲ್ಲೇ ಇದ್ಬಿಡ್ತೀನಿ. ವಾರಕ್ಕೊಂದ್ಸಲ ಬರ್ತೀನಿ.”

“ಒಂದು ಮಾತಿಗೆ ಇಷ್ಟಾ ಇಚ್ಚಾಯಾ?”

“ಒಂದು ಮಾತು ನೀನು ಕೇಳಿದ್ದು. ನಾನು ದಿನಾ ಗಂಟೇಲಿ ಕೇಳ್ತಿದ್ದೀನಿ.”

ಅತ್ತ ಅಪ್ಪಚ್ಚನ್ ಜಗಲಿಯಲ್ಲಿ ಕೂತು, ಕೊಳವೆ ಗಿಳವೆ ಹಾಕಿಸಿದರೆ ತಾನೇ ಇಳಿಯುತ್ತೇನೆ ಎಂದು ನನಗೆ ಕೇಳಿಸುವಂತೆ ಗೋಡೆಗೆ ಹೇಳುತ್ತಿದ್ದರು. ಇಬ್ಬರಲ್ಲಿ ಯಾರು ಇಳಿದರೂ ಬೋಟಿಗೆ ಬೇರೆ ಆಳು ಸಿಗುತ್ತಾನೆ. ನನಗೆ ಬೇರೆ ಅಪ್ಪಚ್ಚನ್ ಸಿಗುವುದಿಲ್ಲ, ಬೇರೆ ಗಂಡ ಸಿಗುವುದಿಲ್ಲ. ಒಂದೇ ಬೋಟಿನಲ್ಲಿ ಇಬ್ಬರನ್ನೂ ಉಳಿಸಿಕೊಳ್ಳುವುದು ಹೇಗೆ ಎಂದು ತಲೆ ಕೆಡಿಸಿಕೊಂಡೆ.

ಬೋಟಿನ ಪತ್ರ ನನ್ನ ಹೆಸರಿನಲ್ಲಿದೆ. ಹಾಗಾಗಿ ನಾನೇ ತೀರ್ಮಾನ ಮಾಡಿದೆ. ಧುಮುಕುವವನ ಮಾತಿಗೆ ತೂಕ ಹೆಚ್ಚು ಎನ್ನಿಸಿತು. ಹೊಟ್ಟೆಯ ಕೆಳಗೆ ಕೊಳವೆ ಹಾಕಿಸಿದೆ. “ಬೋಟು ನಿಂದು,” ಎಂದರು ಅಪ್ಪಚ್ಚನ್, ಕೊಡೆ ಮಡಚುತ್ತ. “ನಿನ್ನ ಮುಖ ನೋಡ್ಕೊಂಡು ಒಂದಿನ ಹಿಡೀತೀನಿ. ಆ ಗುಂಡಿಯವನ ಮುಖ ನೋಡಿ ಅಲ್ಲ ಅಂತ ಅವನಿಗೆ ಹೇಳು.” ನಾನು ಹೇಳಲಿಲ್ಲ. ಎಲ್ಲವನ್ನೂ ಹೇಳುತ್ತ ಕೂತರೆ ನನಗೆ ಟಿಕೆಟ್ ಹರಿಯಲು ಪುರುಸೊತ್ತೆಲ್ಲಿ?

ಮೊದಲ ದಿನ ಬೋಟು ಜನ ಹತ್ತಿಳಿಯುವ ಕಡವು ಬಿಟ್ಟು ಒಂದು ತಿರುವು ದಾಟಿತ್ತಷ್ಟೆ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈ ಎತ್ತಿ ಅಪ್ಪಚ್ಚನ್ ಅವರ ಹೆಸರು ಹಿಡಿದು ಕೂಗಿದಳು. “ಇಟ್ಟಿಯವಿರಾ ಚೇಟ್ಟಾ, ನೀರಿಲ್ಲ!” ಅಪ್ಪಚ್ಚನ್ ಅವರ ಕೈ ತಾನಾಗಿಯೇ ಹಗ್ಗ ಎಳೆಯಿತು. ಒಂದು ಗಂಟೆ. ಬೋಟು ನಿಂತಿತು. ಗುಂಡಿಯಿಂದ ಸ್ಕರಿಯನ ತಲೆ ಮೇಲೆದ್ದಿತು.

“ಯಾಕಂತೆ ನಿಲ್ಸಿದ್ದು? ಕೇಳು,” ಎಂದ ನನ್ನನ್ನು.

“ಯಾಕೆ ನಿಲ್ಸಿದ್ರಿ ಅಪ್ಪಚ್ಚಾ?”

“ನೀರಿಲ್ಲ ಅಂದ್ರು.”

“ನೀರು ಇರೋದೇ ಇಲ್ಲ ಇನ್ಮೇಲೆ!” ಎಂದೆ ನಾನು.

“ಹೌದಲ್ಲ,” ಎಂದರು ಅಪ್ಪಚ್ಚನ್, ಏನೂ ಗೊತ್ತಿಲ್ಲದವರ ಮುಖ ಮಾಡಿ. ಎರಡು ಗಂಟೆ ಬಡಿದರು.

ಮುಂದಿನ ತಿರುವಿನಲ್ಲಿ ಬಲೆ ಬೀಸುತ್ತಿದ್ದವನು ಕೂಗಿದ. ಒಂದು ಗಂಟೆ. ಅದರ ಮುಂದೆ ಕಳ್ಳಂಗಡಿಯ ಎದುರಿನವರು ಗುಂಪಾಗಿ ಕೂಗಿದರು. ಒಂದು ಗಂಟೆ. ಸೇತುವೆಯ ಮೇಲಿಂದ, ತೆಂಗಿನ ಮರದ ಮೇಲಿಂದ, ಎದುರು ಬಂದ ದೋಣಿಯಿಂದ, ಎಲ್ಲಿ ನೋಡಿದರೂ ನಮ್ಮ ಹಿತೈಷಿಗಳೇ. ಹೊಸ ಕೊಳವೆಯ ವಿಷಯ ಬಾಯಿ ನೋಯುವಷ್ಟು ಹೇಳಿದೆ. ಆ ತಿರುವಿನವರಿಗೆ ತಿಳಿಸಿದರೆ ಈ ತಿರುವಿನವರಿಗೆ ಗೊತ್ತಿರುತ್ತಿರಲಿಲ್ಲ. ಬೋಟಿನಲ್ಲಿದ್ದವರು ಮೊದಲು ಗೊಣಗಿದರು, ಆಮೇಲೆ ಅವರಿಗೂ ಆಟ ಹಿಡಿಸಿತು. ದಡದಲ್ಲಿ ಯಾರೂ ಇಲ್ಲದ ಕಡೆ ಅವರೇ “ನೀರಿಲ್ಲ!” ಎಂದು ಕೂಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡಿಯಲ್ಲಿ ಸ್ಕರಿಯ ಹಲ್ಲು ಕಡಿಯುತ್ತಿದ್ದ. ಮುಂದೆ ಅಪ್ಪಚ್ಚನ್ ಹಾಡು ಗುನುಗುತ್ತಿದ್ದರು. ಅವರಿಗೆ ಎಲ್ಲ ನೆನಪಿತ್ತು ಎಂದು ನನಗೆ ಆಮೇಲೆ ಅನುಮಾನ ಬಂತು.

ತನ್ನ ಕಡವಿನ ಮೆಟ್ಟಿಲಲ್ಲಿ ಪೆಣ್ಣಮ್ಮ ಚೇಡತ್ತಿ ಬಕೆಟ್ ಹಿಡಿದು ಕಾಯುತ್ತಿದ್ದಳು. ಬೋಟು ಅಲ್ಲಿ ನಿಂತಾಗ ಪಕ್ಕದಿಂದ ಸುರಿಯುವ ಬಿಸಿನೀರನ್ನು ಹಿಡಿದು ಮೊಣಕಾಲಿಗೆ ಹೊಯ್ದುಕೊಳ್ಳುವುದು ಅವಳ ದಿನಚರಿ.

“ಎಲ್ಲೇ ನನ್ನ ನೀರು?”

“ಇನ್ಮೇಲೆ ಇಲ್ಲ ಚೇಡತ್ತೀ. ಹೊಸ ಪದ್ಧತಿ.”

“ನಿಮ್ಮ ಪದ್ಧತಿಗೆ ಬೆಂಕಿ ಬೀಳ! ನನ್ನ ಮೊಣಕಾಲಿಗೆ ಏನು ಗತಿ? ಮನೇಲಿ ನೀರು ಕಾಯಿಸೋಕೆ ನನಗೇನು ಸೊಸೆ ಇದ್ದಾಳಾ?” ಎಂದು ಖಾಲಿ ಬಕೆಟ್ ಕುಕ್ಕಿದಳು. ಬೋಟು ಬಿಡುವ ತನಕ ಸ್ಕರಿಯನ ಹೆಸರು ಹಿಡಿದು ಬೈದಳು. ಪಾಪ, ಅವಳ ದುಃಖ ಅವಳಿಗೆ.

ಅಷ್ಟಾದರೂ ಬೋಟು ಓಡುತ್ತಿತ್ತು, ಮುಳ್ಳು ಅಲ್ಲಾಡದೆ ನಿಂತಿತ್ತು. ಪೋಳದ ಹಾಸಿನ ಮೇಲೇ ಹಾದು ಹೋದೆವು, ಏನೂ ಆಗಲಿಲ್ಲ. ನನ್ನ ತೀರ್ಮಾನ ಸರಿ ಎಂದು ಒಳಗೊಳಗೇ ಬೀಗಿದೆ. ಆ ಬೀಗು ಇಳಿದದ್ದು ಪಳ್ಳಿಕ್ಕಡವಿನಲ್ಲಿ.

ಪಳ್ಳಿಕ್ಕಡವಿನಲ್ಲಿ ಇಗರ್ಜಿಗೆ ಬಂದವರು ಪೂಜೆ ಮುಗಿಸಿ ಬರುವ ತನಕ ಬೋಟು ಕಾಯಬೇಕು. ಅಲ್ಲಿ ಅಪ್ಪಚ್ಚನ್ ಅವರದ್ದೊಂದು ಕ್ರಮವಿದೆ. ಹಗ್ಗ ಕಟ್ಟುವುದಿಲ್ಲ. ಬೋಟಿನ ಹೊಟ್ಟೆಯನ್ನು ಮೆಲ್ಲಗೆ ಕೆಸರಿನ ಮೇಲೆ ಕೂರಿಸಿಬಿಡುತ್ತಾರೆ, ಬಾತುಕೋಳಿ ಕೂತ ಹಾಗೆ. ಬೋಟು ಒಂದಿಷ್ಟೂ ಅಲುಗುವುದಿಲ್ಲ, ಮುದುಕಿಯರು ಹೆದರದೆ ಇಳಿಯುತ್ತಾರೆ. ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಹಳೆಯ ಕಾಲದಲ್ಲಿ ಆ ಹೊತ್ತಿಗೆ ಸ್ಕರಿಯ, ಕೆಸರು ತಾಗದೆ ಹಿಂಬದಿಯ ನೀರಿನಲ್ಲೇ ಉಳಿಯುತ್ತಿದ್ದ ತೂತಿನ ಬಾಯಿ ಶುದ್ಧ ಮಾಡಿಕೊಳ್ಳುತ್ತಿದ್ದ. ಅವತ್ತು ಮಾಡಲು ಕೆಲಸವೇ ಇರಲಿಲ್ಲ. ದೊಡ್ಡ ಸಾಹುಕಾರನ ಹಾಗೆ ಮುಂಡು ಎತ್ತಿ ಕಟ್ಟಿ ಚಹಾದಂಗಡಿಗೆ ಹೋದ.

ಅಪ್ಪಚ್ಚನ್ ಎಂದಿನಂತೆ ಬೋಟನ್ನು ಕೂರಿಸಿದ್ದರು. ತಣ್ಣಗಾಗಬೇಕಾದ ಕೊಳವೆಗಳೂ ಬೋಟಿನ ಜೊತೆಗೇ ಕೆಸರಿನಲ್ಲಿ ಹೂತುಹೋಗಿದ್ದವು. ಅದು ಅವರಿಗೂ ಹೊಳೆಯಲಿಲ್ಲ, ಇವನಿಗೂ ಹೊಳೆಯಲಿಲ್ಲ, ನನಗಂತೂ ಹೊಳೆಯಲೇ ಇಲ್ಲ.

ಮೊದಲು ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಗುಂಡಿಯಿಂದ ಪುಟ್ಟು ಬೇಯಿಸುವ ಕೊಳವೆಯ ಬಾಯಿಂದ ಬಂದ ಹಾಗೆ ಆವಿ ಬಂತು. “ಅಯ್ಯೋ ಈಶೋಯೇ!” ಎಂದು ನಾನು ಕಿರುಚಿದೆ. ಅಪ್ಪಚ್ಚನ್ ತಿರುಗಿ ನೋಡಿದವರೇ ಹಗ್ಗ ಹಿಡಿದರು. ಮೂರು ಗಂಟೆ. ಬೋಟು ಅಲುಗಲಿಲ್ಲ. ಮತ್ತೆ ಮೂರು. ಮತ್ತೆ ಮೂರು. ಕೇಳುವವನು ದಡದಲ್ಲಿ ಬಾಳೆಹಣ್ಣಿನ ಬಜ್ಜಿ ಕಚ್ಚುತ್ತಿದ್ದ. “ಕಿವುಡು ಬಂತೇನೋ ನಿನಗೆ!” ಎಂದು ಅಪ್ಪಚ್ಚನ್ ಖಾಲಿ ಗುಂಡಿಗೆ ಬೈಯುತ್ತ ಬಡಿಯುತ್ತಲೇ ಇದ್ದರು. ಇಗರ್ಜಿಯ ಗಂಟೆಯೇ ಇವತ್ತು ಹೊತ್ತಲ್ಲದ ಹೊತ್ತಿನಲ್ಲಿ ಬಡಿಯುತ್ತಿದೆ ಎಂದು ಒಳಗಿದ್ದವರು ಹೊರಗೆ ಬಂದು ನೋಡಿದರು. ಸ್ಕರಿಯ ಒಂದು ಕೈಯಲ್ಲಿ ಗ್ಲಾಸು, ಒಂದು ಕೈಯಲ್ಲಿ ಬಜ್ಜಿ ಹಿಡಿದು ಕೆಸರಿನಲ್ಲಿ ಓಡಿ ಬಂದ. ಅವನು ಬರುವ ಮೊದಲೇ ನಾನು ಗುಂಡಿಗೆ ಇಳಿದು ಎಂಜಿನ್ ನಿಲ್ಲಿಸಿದ್ದೆ. ಪುಣ್ಯ, ಒಂದು ರಬ್ಬರ್ ಪೈಪು ಒಡೆದಿತ್ತು, ಅಷ್ಟೇ.

“ಕೆಸರಿನಲ್ಲಿ ಕೂರಿಸಿದ್ಯಾರು ಅಂತ ಕೇಳು ನಿನ್ನ ಅಪ್ಪಚ್ಚನ್ನ!”

“ಎಂಜಿನ್ ಬಿಟ್ಟು ಬಜ್ಜಿ ತಿನ್ನೋಕೆ ಹೋಗಿದ್ಯಾರು ಅಂತ ಕೇಳು ಅವನ್ನ!”

“ಕೇಳಲ್ಲ!” ಎಂದೆ. ಇಗರ್ಜಿಯ ಮುಂದೆ ನಿಂತಿದ್ದೇವೆ ಎನ್ನುವುದನ್ನೂ ಮರೆತು ಕೂಗಿದೆ. “ನಾನೇನು ನಿಮ್ಮಿಬ್ಬರ ನಡುವಿನ ಹಗ್ಗಾನಾ? ಒಬ್ಬರು ಎಳೆಯೋದು, ಒಬ್ಬರಿಗೆ ಬಡಿಯೋದು! ಇನ್ಮೇಲೆ ನಿಮ್ಮ ಮಾತು ನೀವೇ ಆಡ್ಕೊಳ್ಳಿ. ಇಲ್ದಿದ್ರೆ ಇಬ್ಬರೂ ಇಳೀರಿ. ನಾನೇ ಚುಕ್ಕಾಣಿ ಹಿಡಿದು ನಾನೇ ಗುಂಡಿಗೂ ಇಳೀತೀನಿ.”

ಜನ ಚಪ್ಪಾಳೆ ತಟ್ಟಿದರು. ಸ್ಕರಿಯ ಒಡೆದ ಪೈಪಿಗೆ ಬಟ್ಟೆ ಸುತ್ತಿ ಕಟ್ಟಿದ, ಅಪ್ಪಚ್ಚನ್ ಚುಕ್ಕಾಣಿಗೆ ಮರಳಿದರು. ಮನೆಗೆ ಬರುವ ತನಕ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಸ್ಕರಿಯ ಈಗ ಈಸ್ಟರ್ ತನಕವೂ ಕಾಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅಂದು ಅವನು ಹೌಸ್‌ಬೋಟಿನವರಿಗೆ ಫೋನ್ ಮಾಡಿದ್ದನ್ನು ನಾನೇ ಕೇಳಿಸಿಕೊಂಡೆ.

ಮರುದಿನ ಒಬ್ಬಳೇ ಕುರುವಿಳ ಆಶಾನ್ ಅವರ ಶೆಡ್ಡಿಗೆ ಹೋದೆ. “ಆ ಮೂರನೇದು ಹಾಕಿ,” ಎಂದೆ.

“ಪೆಟ್ಟಿಗೆನಾ? ಅದಕ್ಕೂ ಕಾಲುವೆ ನೀರು ಕುಡಿಸ್ಬೇಕು ರಾಹೇಲೇ. ಪೋಳ ಮತ್ತೆ ಬರತ್ತೆ.”

“ಬರ್ಲಿ. ಕುಡಿಯೋಕೆ ಎರಡು ಬಾಯಿ ಇಡಿ. ಒಂದೊಂದು ಬಾಯಿಗೂ ಒಂದೊಂದು ಜಾಲರಿ ಡಬ್ಬಿ, ಬೋಟಿನ ಒಳಗೆ, ಕೈಗೆ ಸಿಗೋ ಹಾಗೆ. ಒಂದು ಕಟ್ಟಿದ್ರೆ ಹಿಡಿ ತಿರುಗಿಸಿ ಇನ್ನೊಂದರಿಂದ ಕುಡಿಸ್ಬೇಕು. ಕಟ್ಟಿದ್ದನ್ನ ಕೂತಲ್ಲೇ ತೆಗೆದು ತೊಳೀಬೇಕು. ಯಾರೂ ನೀರಿಗೆ ಧುಮುಕಬಾರದು. ಮತ್ತೆ ಬಲಪಕ್ಕದಿಂದ ನೀರು ಬೀಳ್ಬೇಕು, ಊರಿಗೆಲ್ಲ ಕಾಣೋ ಹಾಗೆ.”

ಆಶಾನ್ ತಲೆ ಕೆರೆದುಕೊಂಡರು. “ಸಮುದ್ರದ ನೀರು ತಡೆಯೋ ಬಂಡು ತೆರೆದ್ಮೇಲೆ ಉಪ್ಪುನೀರು ಬಂದ್ರೂ ಎಂಜಿನ್ನಿಗೆ ತಾಗಲ್ಲ. ಒಳ್ಳೇದೇ. ಇದನ್ನ ನೀನು ಮೊದಲೇ ಯಾಕೆ ಕೇಳ್ಲಿಲ್ಲ?”

“ನೀವು ಮೂರನೇದು ಅಂದಾಗ ಇವರಿಬ್ಬರೂ ನನಗೆ ಬಾಯಿ ತೆರೆಯೋಕೆ ಬಿಟ್ರಾ?”

ಪೆಟ್ಟಿಗೆ ಬಂತು, ಡಬ್ಬಿಗಳು ಬಂದವು. ನಮ್ಮ ಕಡವಿನಲ್ಲಿ ಬೋಟನ್ನು ಹಗ್ಗದಿಂದ ಬಿಗಿದು ಕಟ್ಟಿ ಎಂಜಿನ್ ಶುರು ಮಾಡಿದಾಗ ಬಲಪಕ್ಕದಿಂದ ನೀರು ದಪ್ಪಗೆ ಸುರಿಯಿತು. ಅಪ್ಪಚ್ಚನ್ ನೋಡಿ ಆ ಕಡೆ ಮುಖ ತಿರುಗಿಸಿದರು. ಸ್ಕರಿಯ ಕೂತಲ್ಲೇ ಡಬ್ಬಿಯ ಮುಚ್ಚಳ ತೆಗೆದು ಹಾಕಿ ನೋಡಿ ಈ ಕಡೆ ಮುಖ ತಿರುಗಿಸಿದ. ಒಳ್ಳೇ ಮನುಷ್ಯರು ಇಬ್ಬರೂ, ಮೊಂಡುತನದಲ್ಲಿ ಮಾತ್ರ ಒಬ್ಬರನ್ನೊಬ್ಬರು ಸೋಲಿಸಲಾಗದವರು.

“ಒಂದು ಕೆಲಸ ಬಾಕಿ ಇದೆ,” ಎಂದೆ ನಾನು. “ನೀರು ಸಣ್ಣಗಾಯ್ತು ಅಂತ ದಡದವರು ಕೂಗಿದ್ರೆ ಇನ್ಮೇಲೆ ಬೋಟು ನಿಲ್ಸೋದು ಬೇಡ, ಹಿಡಿ ತಿರುಗಿಸಿದ್ರೆ ಸಾಕು. ಆದ್ರೆ ಹಿಡಿ ತಿರುಗಿಸು ಅನ್ನೋಕೆ ಗಂಟೆ ಇಲ್ಲ. ಒಂದು, ಎರಡು, ಮೂರು ಎಲ್ಲ ಖರ್ಚಾಗಿದೆ. ಹೊಸದೊಂದು ನೀವೇ ಗೊತ್ತು ಮಾಡ್ಕೊಳ್ಳಿ. ನಾನು ಮಧ್ಯೆ ಬರಲ್ಲ.” ಹೇಳಿ, ಚಹಾದ ಕೆಟಲ್ ಮುಂದಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಹೌಸ್‌ಬೋಟಿನವರು ಮರುದಿನವೇ ಬರಲು ಹೇಳಿದ್ದಾರೆ ಎಂದು ನನಗೆ ಗೊತ್ತಿತ್ತು.

ಕೊನೆಗೆ ಅಪ್ಪಚ್ಚನ್ ಆಕಾಶ ನೋಡುತ್ತ ಹೇಳಿದರು. “ಮೂರಾದ ಮೇಲೆ ನಾಲ್ಕು. ಅದರಲ್ಲಿ ಗೊತ್ತು ಮಾಡೋದೇನಿದೆ?”

“ನಾಲ್ಕು ಆಗಲ್ಲ,” ಎಂದ ಸ್ಕರಿಯ, ಅವನೂ ಆಕಾಶಕ್ಕೇ. “ಆ ಸದ್ದಲ್ಲಿ ಒಂದು ಹೊಡೆತ ಕೇಳಿಸ್ದೇ ಹೋದ್ರೆ ಮೂರಾಗತ್ತೆ. ನಾನು ಹಿಂದಕ್ಕೆ ಹಾಕ್ತೀನಿ.”

“ನಾಲ್ಕು ಎಣಿಸೋಕೆ ಬರಲ್ವಾ ನಿನಗೆ?”

“ಮೇಲೆ ನಿಂತು ಬಡಿಯೋದು ಸುಲಭ. ಇಲ್ಲಿ ಕೂತು ಎಣಿಸಿ ನೋಡಿ.”

“ಎಣಿಸ್ತೀನಿ ಕಣೋ! ಏಳು ಮೇಲೆ!”

ಚುಕ್ಕಾಣಿ ಹಿಡಿಯುವವನು ಗುಂಡಿಗೆ ಇಳಿಯುವುದು ತನ್ನ ಅಂತಸ್ತಿಗೆ ಕಡಿಮೆ ಎಂದು ಜೀವಮಾನವಿಡೀ ಅಂದುಕೊಂಡಿದ್ದ ನನ್ನ ಅಪ್ಪಚ್ಚನ್ ಮುಂಡು ಎತ್ತಿಕೊಂಡು, ಏಣಿಯ ಮೇಲೆ ಹಿಮ್ಮುಖವಾಗಿ, ಸ್ಕರಿಯ ಚಾಚಿದ ಕೈ ಹಿಡಿಯದೆ ಕೆಳಗೆ ಇಳಿದರು. ಸ್ಕರಿಯ ಮುಂದೆ ಹೋಗಿ ಹಗ್ಗ ಹಿಡಿದ. ಎಂಜಿನ್ನಿನ ವೇಗ ಏರಿಸಿದ್ದರಿಂದ ಬೆಂಚೆಲ್ಲ ನಡುಗುತ್ತಿತ್ತು.

ಸ್ಕರಿಯ ಸರಿಯಾಗಿ ನಾಲ್ಕು ಬಡಿದ. ನಾನು ಎಣಿಸಿದ್ದೇನೆ, ನಾನೇ ಸಾಕ್ಷಿ. ಮರುಕ್ಷಣ ಬೋಟು ಭರ್ರೆಂದು ಹಿಂದಕ್ಕೆ ಹಾರಿತು. ಕಟ್ಟಿದ ಹಗ್ಗ ಬಿಗಿಯಾಗಿ ಎಳೆದು ನಿಲ್ಲಿಸಿದಾಗ ಕೆಟಲ್ ನನ್ನ ಮಡಿಲಿಗೆ ಬಂತು, ನಾನು ನೆಲಕ್ಕೆ ಬಂದೆ, ಸ್ಕರಿಯ ಕಂಬ ತಬ್ಬಿಕೊಂಡ. ದಡದಲ್ಲಿ ನೋಡುತ್ತಿದ್ದವರು ನಗುತ್ತ ಕೂತಲ್ಲೇ ಹೊರಳಾಡಿದರು. ಎದ್ದು ಓಡಿ ಹೋಗಿ ನಾನೇ ಎಂಜಿನ್ ನಿಲ್ಲಿಸಿದೆ.

ಅಪ್ಪಚ್ಚನ್ ಹೊರಗೆ ಬರಲಿಲ್ಲ. ಸ್ಕರಿಯ ಹೆದರಿ ಬಂದು ಗುಂಡಿಗೆ ಬಗ್ಗಿ ನೋಡಿದ. ಅವರು ಅವನ ಹಲಗೆಯ ಮೇಲೆ ಮಂಡಿ ಮಡಚಿ ಕೂತಿದ್ದರು. ಅಷ್ಟು ಹೊತ್ತಿಗೇ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಎರಡೂ ಕಿವಿಗಳನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದರು. ಗಂಟೆ ಅವರ ತಲೆಗೆ ತಾಗುವಷ್ಟು ಹತ್ತಿರ ತೂಗುತ್ತಿತ್ತು.

“ಮೂರೇ ಕೇಳಿಸ್ತು,” ಎಂದರು ಮೆಲ್ಲಗೆ. ಆಮೇಲೆ ಸುತ್ತಲೂ ನೋಡಿದರು. ಕಿಟಕಿಯಿಲ್ಲದ ಹಲಗೆಗಳು, ಕಾಲು ಚಾಚಲಾಗದ ಜಾಗ, ಹೊಗೆ. “ಇಷ್ಟು ವರ್ಷ ಇದರೊಳಗೆ ಹೇಗೆ ಕೂತಿದ್ದೆ ಮೋನೇ?”

ಮಗನೇ ಎಂದು ಕರೆಸಿಕೊಂಡ ಸ್ಕರಿಯ ಗುಂಡಿಗೆ ಇಳಿದು, ಅವರ ಪಕ್ಕದಲ್ಲಿ ಇದ್ದಷ್ಟು ಜಾಗದಲ್ಲಿ ಮುದುರಿ ಕೂತ. ಇಬ್ಬರಿಗೆ ಅಲ್ಲಿ ಸ್ಥಳವಿಲ್ಲ, ಆದರೂ ಕೂತ.

“ಎಣಿಸೋದು ಬೇಡ ಅಪ್ಪಚ್ಚಾ,” ಎಂದ. “ಹಗ್ಗ ಹಿಡಿದು ಗಲಗಲ ಅಂತ ಅಲ್ಲಾಡ್ಸಿಬಿಡಿ. ಅದು ಯಾವ ಸದ್ದಲ್ಲೂ ಗೊತ್ತಾಗತ್ತೆ.”

“ಅಲ್ಲಾಡ್ಸಿದ್ರೆ ನಿನ್ನ ಕಿವಿ ಇನ್ನೂ ಹಾಳಾಗತ್ತಲ್ಲೋ. ಈ ಗಂಟೇನ ಮೊದಲು ಆ ಮೂಲೆಗೆ ಕಟ್ಟೋಣ.”

“ಆ ಮೂಲೆಗೆ ಬೇಡ, ಅಲ್ಲಿ ಡಬ್ಬಿ ತೆಗೀಬೇಕು.”

“ಹಾಗಾದ್ರೆ ಈ ಕಂಬಕ್ಕೆ.”

“ಕಂಬಕ್ಕೆ ಕಟ್ಟಿದ್ರೆ ಹಗ್ಗ ಸಿಕ್ಕಾಗತ್ತೆ. ನಿಮಗೆ ಎಂಜಿನ್ ಕಡೆ ವಿಷಯ ಏನೂ ಗೊತ್ತಿಲ್ಲ.”

“ನಿನಗೆ ಹಗ್ಗದ ವಿಷಯ ಗೊತ್ತಿದ್ಯಾ? ಬಾಯಿ ಮುಚ್ಕೊಂಡು ಆ ಮೊಳೆ ಕೊಡು.”

ಇಬ್ಬರ ದನಿಯೂ ಏರಿತು. ದಡದವರು ಮತ್ತೆ ಜಗಳ ಶುರುವಾಯಿತು ಎಂದು ಹತ್ತಿರ ಬಂದರು. ನಾನು ಚಹಾದಿಂದ ಒದ್ದೆಯಾದ ಚಟ್ಟೆ ರವಿಕೆಯ ಅಂಚನ್ನು ಹಿಂಡುತ್ತ ಅಲ್ಲೇ ನಿಂತು ಕೇಳಿದೆ. ಆಮೇಲೆ ಸ್ಕರಿಯ ಕೆಳಗಿನಿಂದಲೇ ಕೂಗಿ, ಫೋನ್ ಮೇಲೆ ತೂಗುಹಾಕಿದ ತನ್ನ ಅಂಗಿಯ ಜೇಬಿನಲ್ಲಿದೆ, ಹೌಸ್‌ಬೋಟಿನವರಿಗೆ ತಾನು ಬರುವುದಿಲ್ಲ ಎಂದು ಹೇಳಿಬಿಡು ಎಂದ.

“ಅದನ್ನಾದ್ರೂ ನೀವೇ ಹೇಳಿ ಇಚ್ಚಾಯಾ,” ಎಂದೆ. ಹೇಳಿದೆನೇ ಹೊರತು, ಫೋನ್ ತೆಗೆದು ಹಚ್ಚಿದವಳು ನಾನೇ.